ಐದು ಸೆಂಟಿಮೀಟರ್ ಸೈನಿಕನ ಕಣ್ಣಿನ ಮಟ್ಟಕ್ಕೆ: ಯುದ್ಧ ಡಯೊರಾಮಾ ಛಾಯಾಗ್ರಹಣದಲ್ಲಿ ಲಾವೊವಾ 15 ಮಿ.ಮೀ. ಎಫ್/4 ಮ್ಯಾಕ್ರೊ ಲೆನ್ಸ್

ಯುದ್ಧದೃಶ್ಯದ ಡಯೊರಾಮಾವನ್ನು, ಅಂದರೆ ಹಲಗೆಯ ಮೇಲೆ ಗೊಂಬೆಗಳಿಂದ ಜೋಡಿಸಿದ ಪುಟ್ಟ ಮಾದರಿಯನ್ನು, ತಿಂಗಳುಗಟ್ಟಲೆ ಕುಳಿತು ಕಟ್ಟಿದವರು ಕೊನೆಗೆ ಅದರ ಚಿತ್ರ ತೆಗೆಯುವಾಗ ಹೆಚ್ಚಾಗಿ ಮೇಜಿನ ಮುಂದೆ ನಿಂತು, ತುಸು ಬಾಗಿ, ಮೇಲಿನಿಂದ ಕೆಳಕ್ಕೆ ಕ್ಯಾಮೆರಾ ಹಿಡಿಯುತ್ತಾರೆ. ಆ ಕೋನದಿಂದ ಮಾಡಿದ ಕೆಲಸವೆಲ್ಲ ಕಾಣುತ್ತದೆ. ಒಡೆದ ಗೋಡೆಯ ಇಟ್ಟಿಗೆ, ಟ್ಯಾಂಕಿನ ಮೇಲಿನ ತುಕ್ಕು, ಚಕ್ರಕ್ಕೆ ಮೆತ್ತಿದ ಕೆಸರು ಎಲ್ಲವೂ ನೋಡುವವರ ಲೆಕ್ಕಕ್ಕೆ ಸಿಗುತ್ತವೆ. ಆದರೆ ತಲೆ ತಗ್ಗಿಸಿ ಓಡುತ್ತಿರುವ ಆ ಸೈನಿಕನ ಪಕ್ಕದಲ್ಲಿ ತಾನೂ ಇದ್ದೇನೆ ಎಂಬ ಅನುಭವ ನೋಡುವವರಿಗೆ ಆಗುವುದಿಲ್ಲ. 1:35 ಅಳತೆಯಲ್ಲಿ, ಅಂದರೆ ನಿಜಗಾತ್ರವನ್ನು 35 ಪಟ್ಟು ಕುಗ್ಗಿಸಿದಾಗ, ಒಂದು ಮುಕ್ಕಾಲು ಮೀಟರ್ ಎತ್ತರದ ಮನುಷ್ಯ 50 ಮಿ.ಮೀ. ಇರುತ್ತಾನೆ, ಅವನ ಕಣ್ಣು ನೆಲದಿಂದ ಸುಮಾರು 46 ಮಿ.ಮೀ. ಮೇಲಿರುತ್ತದೆ. ಕ್ಯಾಮೆರಾ ಆ ಎತ್ತರಕ್ಕೆ ಇಳಿಯಬೇಕು, ಜೊತೆಗೆ ಅವನ ಹತ್ತಿರಕ್ಕೂ ಹೋಗಬೇಕು. ಚೀನಾದ ವೀನಸ್ ಆಪ್ಟಿಕ್ಸ್ ಸಂಸ್ಥೆಯು ಲಾವೊವಾ ಎಂಬ ಹೆಸರಿನಲ್ಲಿ 2015ರಲ್ಲಿ ಹೊರತಂದ 15 ಮಿ.ಮೀ. ಎಫ್/4 ವೈಡ್ ಆ್ಯಂಗಲ್ ಮ್ಯಾಕ್ರೊ ಲೆನ್ಸ್ (ಅಗಲ ನೋಟದ, ತೀರ ಹತ್ತಿರದ ವಸ್ತುಗಳನ್ನೂ ತೆಗೆಯಬಲ್ಲ ಲೆನ್ಸ್) ಈ ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡಬಲ್ಲ ಕೆಲವೇ ಸಾಧನಗಳಲ್ಲಿ ಒಂದು. ಕೀಟ, ಹೂವು, ಕಪ್ಪೆಗಳ ಛಾಯಾಗ್ರಾಹಕರು ಇದರ ಬಗ್ಗೆ ಸಾಕಷ್ಟು ಬರೆದಿದ್ದಾರೆ. ಈ ವಿಮರ್ಶೆ ಮಿನಿಯೇಚರ್ ಸೈನಿಕರ ಚಿತ್ರಗಳಿಗೆ ಮಾತ್ರ ಸೀಮಿತವಾಗಿದೆ.

ಮೊದಲು ಲೆನ್ಸಿನ ಪರಿಚಯ. ಇದು ಫುಲ್ ಫ್ರೇಮ್ (36×24 ಮಿ.ಮೀ.) ಸೆನ್ಸರನ್ನು ತುಂಬುವ ಲೆನ್ಸ್, ಕರ್ಣದ ಉದ್ದಕ್ಕೆ ಸುಮಾರು 110 ಡಿಗ್ರಿ ನೋಟ ಕೊಡುತ್ತದೆ. ವಸ್ತುವನ್ನು ಅದರ ನಿಜಗಾತ್ರದಲ್ಲಿ, ಅಂದರೆ 1:1 ಪ್ರಮಾಣದಲ್ಲಿ, ಸೆನ್ಸರಿನ ಮೇಲೆ ಮೂಡಿಸಬಲ್ಲದು. ಆದರೆ ಆ ಹಂತದಲ್ಲಿ ಮುಂಗಾಜಿಗೂ ವಸ್ತುವಿಗೂ ನಡುವೆ ಉಳಿಯುವುದು 5 ಮಿ.ಮೀ.ಗಿಂತಲೂ ಕಡಿಮೆ ಜಾಗ. ತೂಕ ಸುಮಾರು 410 ಗ್ರಾಂ, ಫಿಲ್ಟರಿನ ಅಳತೆ 77 ಮಿ.ಮೀ. ಬೆಳಕು ಒಳಬರುವ ರಂಧ್ರ, ಅಂದರೆ ಅಪರ್ಚರ್, ಎಫ್/4ರಿಂದ ಎಫ್/32ರವರೆಗೆ ಹೋಗುತ್ತದೆ; ಸಂಖ್ಯೆ ಹೆಚ್ಚಿದಂತೆ ರಂಧ್ರ ಕಿರಿದಾಗುತ್ತದೆ. ಫೋಕಸ್ ಮತ್ತು ಅಪರ್ಚರ್ ಎರಡನ್ನೂ ಕೈಯಿಂದಲೇ ತಿರುಗಿಸಬೇಕು. ಕ್ಯಾಮೆರಾದ ಜೊತೆ ವಿದ್ಯುತ್ ಸಂಪರ್ಕವೇ ಇಲ್ಲ, ಹಾಗಾಗಿ ಚಿತ್ರದ ಕಡತದಲ್ಲಿ ಅಪರ್ಚರಿನ ಮಾಹಿತಿಯೂ ದಾಖಲಾಗುವುದಿಲ್ಲ. ಕದಲದೆ ನಿಂತಿರುವ ಗೊಂಬೆಗಳ ಮುಂದೆ ಇದು ಕೊರತೆಯೆನಿಸುವುದಿಲ್ಲ. ಆಟೊಫೋಕಸ್ ಇದ್ದರೂ ಈ ಕೆಲಸದಲ್ಲಿ ಅದನ್ನು ಆರಿಸಿಯೇ ಇಡುತ್ತೇವೆ.

ಲೆನ್ಸನ್ನು ಪರೀಕ್ಷಿಸಲು ಎರಡು ದೃಶ್ಯಗಳನ್ನು ಬಳಸಿದ್ದೇನೆ. ಒಂದು, 1945ರ ಏಪ್ರಿಲ್ 9ರಂದು ಇಟಲಿಯ ಸೆನಿಯೊ ನದಿಯ ದಂಡೆ. ಎಂಟನೆಯ ಭಾರತೀಯ ಡಿವಿಷನ್ ನದಿಯನ್ನು ದಾಟಿದ ಆ ದಿನ ಮರಾಠಾ ಲಘು ಪದಾತಿದಳದ ಸಿಪಾಯಿ ನಾಮದೇವ ಜಾಧವ ಗಾಯಗೊಂಡವರನ್ನು ಹೊತ್ತು ದಾಟಿಸಿ, ಶತ್ರುವಿನ ಮಷಿನ್ ಗನ್ ನೆಲೆಗಳನ್ನು ಅಡಗಿಸಿ, ಪ್ರವಾಹ ತಡೆಯಲು ಕಟ್ಟಿದ ಏರಿಯ ಮೇಲೆ ನಿಂತು ಸಂಗಾತಿಗಳನ್ನು ಕೂಗಿ ಕರೆದರು. ಅದಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲಿರುವುದರಿಂದ ಈ ಕಥೆ ನಮಗೆ ದೂರದ್ದಲ್ಲ. ಗೊಂಬೆಗಳು 1:35 ಅಳತೆಯ ಬ್ರಿಟಿಷ್ ಪದಾತಿಗಳಿಂದ ಮಾರ್ಪಟ್ಟವು. ಎರಡನೆಯದು, ಮೊದಲ ಮಹಾಯುದ್ಧದ ಕಾಲದ, 1918ರ ಸೆಪ್ಟೆಂಬರ್ 23ರ ಹೈಫಾ (ಇಂದಿನ ಇಸ್ರೇಲಿನಲ್ಲಿದೆ). ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಭರ್ಜಿ ಹಿಡಿದು ಪಟ್ಟಣವನ್ನು ವಶಪಡಿಸಿಕೊಂಡ ದಿನ ಅದು, ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇಂದಿಗೂ ಇದೆ. ಈ ದೃಶ್ಯ 1:72 ಅಳತೆಯದು, ಎಂಸೀಲಿನಿಂದ ತಿದ್ದಿದ ಪೇಟಗಳು, ತಂತಿಯಿಂದ ಮಾಡಿದ ಭರ್ಜಿಗಳು. ಎರಡು ಅಳತೆಗಳನ್ನು ಬೇಕೆಂದೇ ಆರಿಸಿದೆ, ಏಕೆಂದರೆ ಈ ಲೆನ್ಸ್ ಎರಡರಲ್ಲಿ ಒಂದೇ ರೀತಿ ನಡೆದುಕೊಳ್ಳುವುದಿಲ್ಲ.

ದೂರದ ವಿಷಯದಿಂದ ಆರಂಭಿಸುತ್ತೇನೆ, ಲೆನ್ಸಿನ ನಿಜವಾದ ಬೆಲೆ ಇರುವುದು ಅಲ್ಲಿಯೇ. 1:35ರ ಸೈನಿಕ ಚೌಕಟ್ಟಿನ ಅರ್ಧ ಎತ್ತರಕ್ಕೆ ಬರುವಂತೆ ಚಿತ್ರ ಹೂಡಿದರೆ, 15 ಮಿ.ಮೀ. ಲೆನ್ಸಿನ ದೃಷ್ಟಿಬಿಂದು ಅವನಿಂದ ಸುಮಾರು 77 ಮಿ.ಮೀ. ದೂರದಲ್ಲಿರುತ್ತದೆ. ಅದನ್ನು 35ರಿಂದ ಗುಣಿಸಿದರೆ 2.7 ಮೀಟರ್ ಆಗುತ್ತದೆ; ಅಂದರೆ ಚಿತ್ರ ನೋಡುವವರು ಆ ಸೈನಿಕನಿಂದ ಮೂರು ಹೆಜ್ಜೆ ದೂರದಲ್ಲಿ ನಿಂತಂತಾಗುತ್ತದೆ. ಇದೇ ಸೈನಿಕನನ್ನು ಇದೇ ಗಾತ್ರದಲ್ಲಿ ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವ 100 ಮಿ.ಮೀ. ಮ್ಯಾಕ್ರೊ ಲೆನ್ಸಿನಿಂದ ತೆಗೆದರೆ ಕ್ಯಾಮೆರಾ ಅರ್ಧ ಮೀಟರಿನಷ್ಟು ಹಿಂದಕ್ಕೆ ಹೋಗುತ್ತದೆ, ಅದು ಅಳತೆಯಲ್ಲಿ 18 ಮೀಟರ್. ಹದಿನೆಂಟು ಮೀಟರ್ ದೂರದಿಂದ ಟೆಲಿ ಲೆನ್ಸ್ ಹಿಡಿದು ಯಾರೂ ನದಿ ದಾಟುವವರ ಮುಖಭಾವ ತೆಗೆಯಲು ಹೊರಡುವುದಿಲ್ಲ. ಹಾಗೆ ತೆಗೆದ ಚಿತ್ರದಲ್ಲಿ ಮುಂದಿನ ಸೈನಿಕ, ಹಿಂದಿನ ಸೈನಿಕ, ಅದಕ್ಕೂ ಹಿಂದಿನ ಗೋಡೆ ಎಲ್ಲವೂ ಒಂದರ ಮೇಲೊಂದು ಅಂಟಿಕೊಂಡು ದೃಶ್ಯದ ಆಳ ಕುಗ್ಗಿಹೋಗುತ್ತದೆ. 15 ಮಿ.ಮೀ. ಲೆನ್ಸಿನಲ್ಲಿ ಕೇವಲ 30 ಸೆಂ.ಮೀ. ಆಳದ ಹಲಗೆಯ ಮೇಲೆ ಕಟ್ಟಿದ ದಂಡೆ, ನಿಜಕ್ಕೂ ಹತ್ತು ಮೀಟರ್ ದೂರಕ್ಕೆ ಚಾಚಿಕೊಂಡಂತೆ ಕಾಣುತ್ತದೆ. ಹಿಂದೆ ನಿಂತವನು ಸಣ್ಣವನಾಗಿ, ಮುಂದೆ ಇರುವವನು ದೊಡ್ಡವನಾಗಿ, ನಡುವಿನ ಬಯಲು ಅಪಾಯದ ಬಯಲಾಗಿ ತೋರುತ್ತದೆ. ಈ ಒಂದು ಗುಣಕ್ಕಾಗಿಯೇ ನಾನು ಈ ಲೆನ್ಸನ್ನು ಬಿಟ್ಟುಕೊಡಲಾರೆ.

ಹತ್ತಿರದ ಈ ನೋಟಕ್ಕೆ ಒಂದು ಎಚ್ಚರಿಕೆಯೂ ಸೇರಿದೆ. ಲೀ-ಎನ್‌ಫೀಲ್ಡ್ ಬಂದೂಕು 1:35ರಲ್ಲಿ 32 ಮಿ.ಮೀ. ಉದ್ದವಿರುತ್ತದೆ. ಅದರ ನಳಿಗೆ ಕ್ಯಾಮೆರಾದತ್ತ ಮುಖ ಮಾಡಿದ್ದರೆ ತುದಿ ಫಿರಂಗಿಯಷ್ಟು ದಪ್ಪವಾಗಿಯೂ ಹಿಡಿದ ಕೈಗಳು ಮಗುವಿನ ಕೈಗಳಂತೆಯೂ ಕಾಣುತ್ತವೆ. ಚೌಕಟ್ಟಿನ ಅಂಚಿಗೆ ಬಂದ ತಲೆಗಳು ಅಡ್ಡಕ್ಕೆ ಎಳೆದಂತಾಗಿ ಹೆಲ್ಮೆಟ್ಟುಗಳು ಮೊಟ್ಟೆಯ ಆಕಾರ ತಾಳುತ್ತವೆ. ಇದು ಲೆನ್ಸಿನ ದೋಷವಲ್ಲ, ಅಷ್ಟು ಅಗಲದ ನೋಟವನ್ನು ಸಪಾಟಾದ ಸೆನ್ಸರಿನ ಮೇಲೆ ಹರಡಿದಾಗ ಆಗುವ ಅನಿವಾರ್ಯ ಪರಿಣಾಮ. ಮನುಷ್ಯಾಕೃತಿಗಳನ್ನು ಚೌಕಟ್ಟಿನ ನಡುವಿನ ಭಾಗದಲ್ಲಿ ಇಟ್ಟು, ಅಂಚುಗಳಿಗೆ ಮಣ್ಣು, ಕಲ್ಲು, ಮುರಿದ ಮರ, ಮೋಡಗಳನ್ನು ಬಿಡುವುದೇ ಇದಕ್ಕೆ ಪರಿಹಾರ.

ಇನ್ನು ಎತ್ತರ. ಲೆನ್ಸಿನ ಹೊರವ್ಯಾಸ ಸುಮಾರು 84 ಮಿ.ಮೀ., ಅಂದರೆ ಅದನ್ನು ಹಲಗೆಯ ಮೇಲೆಯೇ ಮಲಗಿಸಿಟ್ಟರೂ ಅದರ ಮಧ್ಯರೇಖೆ ನೆಲದಿಂದ 42 ಮಿ.ಮೀ. ಮೇಲಿರುತ್ತದೆ. 1:35ರಲ್ಲಿ ಇದು 1.47 ಮೀಟರ್. ತುಸು ಬಗ್ಗಿ ನಡೆಯುವ ಮನುಷ್ಯನ ಕಣ್ಣಿನ ಎತ್ತರಕ್ಕೆ ಇದು ಎಷ್ಟು ಹೊಂದುತ್ತದೆಂದರೆ, ಈ ಅಳತೆಗೆಂದೇ ವಿನ್ಯಾಸ ಮಾಡಿದರೇನೋ ಎನಿಸುತ್ತದೆ. ಮಾದರಿ ಕಿಟ್‌ಗಳನ್ನು ತಯಾರಿಸುವ ಜಪಾನಿನ ತಮಿಯಾ ಸಂಸ್ಥೆ ತನ್ನ ಪ್ಯಾಂಥರ್ ಟ್ಯಾಂಕಿನ ಮಾದರಿಯೊಳಗೆ ಬ್ಯಾಟರಿ ಹಿಡಿಸುವ ಸಲುವಾಗಿ ಗೊತ್ತುಮಾಡಿದ ಗಾತ್ರವೇ ಮುಂದೆ 1:35 ಎಂಬ ಅಳತೆಯಾಗಿ ನೆಲೆಯೂರಿತು, 1968ರಲ್ಲಿ ಆರಂಭವಾದ ಅದರ ಮಿಲಿಟರಿ ಮಿನಿಯೇಚರ್ ಸರಣಿಯಿಂದ ಲೋಕದೆಲ್ಲೆಡೆ ಹರಡಿತು. ಹೀಗೆ ಹುಟ್ಟಿದ ಅಳತೆಗೆ ಈ ಲೆನ್ಸಿನ ಮೈ ಸರಿಹೊಂದುವುದು ನಮ್ಮ ಅದೃಷ್ಟ.

1:72ರಲ್ಲಿ ಆ ಅದೃಷ್ಟ ಇಲ್ಲ. ಅದೇ 42 ಮಿ.ಮೀ. ಅಲ್ಲಿ 3 ಮೀಟರ್ ಆಗುತ್ತದೆ. ಕುದುರೆಯ ಮೇಲೆ ಕುಳಿತ ಮೈಸೂರು ಲ್ಯಾನ್ಸರನ ಪೇಟಕ್ಕಿಂತಲೂ ಮೇಲೆ. ಕುದುರೆಗಳ ಓಟವನ್ನು ನೆಲದಿಂದ ನೋಡುವ ಸುಖ ಇಲ್ಲದ ಮೇಲೆ ಹೈಫಾದ ದೃಶ್ಯ ಕಟ್ಟಿಯೂ ಫಲವಿಲ್ಲ. ಇದಕ್ಕೆ ದಾರಿಯೆಂದರೆ ಡಯೊರಾಮಾದ ಹಲಗೆಯನ್ನು ನಾಲ್ಕಾರು ದಪ್ಪ ಪುಸ್ತಕಗಳ ಮೇಲೆ ಎತ್ತರಿಸಿ, ಲೆನ್ಸನ್ನು ಹಲಗೆಯ ಅಂಚಿನ ಹೊರಗೆ, ಅದರ ಕೆಳಭಾಗ ಹಲಗೆಯ ಮಟ್ಟಕ್ಕಿಂತ ಕೆಳಗೆ ಬರುವಂತೆ ನಿಲ್ಲಿಸುವುದು. ಆಗ ಮಧ್ಯರೇಖೆಯನ್ನು ಎಷ್ಟು ಬೇಕಾದರೂ ಇಳಿಸಬಹುದು. ಆದರೆ ಹಲಗೆಯ ಅಂಚಿನಲ್ಲಿರುವ ಕುದುರೆಗಳನ್ನು ಮಾತ್ರ ಹೀಗೆ ಹತ್ತಿರದಿಂದ ತೆಗೆಯಲು ಸಾಧ್ಯ, ದೃಶ್ಯದ ಒಳಕ್ಕೆ ನುಗ್ಗುವುದು ಸಾಧ್ಯವಿಲ್ಲ. 1:72ರಲ್ಲಿ ಕೆಲಸ ಮಾಡುವವರು ಚಿತ್ರಕ್ಕಾಗಿಯೇ ಕಟ್ಟುವುದಾದರೆ ಮುಖ್ಯ ಆಕೃತಿಗಳನ್ನು ಮುಂದಿನ ಅಂಚಿಗೇ ತರಬೇಕಾಗುತ್ತದೆ. ನನ್ನ ಹಲಗೆಯಲ್ಲಿ ಒಂಬತ್ತು ಅಡಿಯ ಭರ್ಜಿಗಳು ಅಂಚಿನಿಂದಾಚೆಗೆ ಚಾಚುವಂತೆ ಮೊದಲ ಸಾಲನ್ನು ಜೋಡಿಸಿದೆ. ಆ ಭರ್ಜಿಗಳ ತುದಿಗಳು ಲೆನ್ಸಿನ ಎರಡು ಬದಿಗಳಲ್ಲಿ ಹಾದುಹೋಗುವಂತೆ ತೆಗೆದ ಚಿತ್ರದಲ್ಲಿ ಎದುರಾಳಿಯ ಜಾಗದಲ್ಲಿ ನಿಂತ ಭಯ ಹುಟ್ಟುತ್ತದೆ. ಮೇಲಿನಿಂದ ನೋಡಿದರೆ ಅದೇ ಜೋಡಣೆ ಬೊಂಬೆಗಳ ಸಾಲು ಅಷ್ಟೇ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಫೋಕಸಿನ ಆಳದ್ದು, ಅಂದರೆ ದೃಶ್ಯದ ಎಷ್ಟು ಆಳದವರೆಗೆ ಚಿತ್ರ ಚೂಪಾಗಿರುತ್ತದೆ ಎಂಬುದು. ಮಿನಿಯೇಚರ್ ಚಿತ್ರವೊಂದು ನೋಡಿದ ತಕ್ಷಣ ಆಟಿಕೆಯೆಂದು ಗೊತ್ತಾಗುವುದಕ್ಕೆ ಬಣ್ಣ ಬಳಿದ ರೀತಿಗಿಂತ ದೊಡ್ಡ ಕಾರಣ ಹಿನ್ನೆಲೆ ಮಸುಕಾಗುವ ರೀತಿ. ಗಾತ್ರವನ್ನು 35 ಪಟ್ಟು ಕುಗ್ಗಿಸಿದ ಲೋಕದಲ್ಲಿ ಬೆಳಕು ಒಳಬರುವ ರಂಧ್ರವನ್ನೂ 35 ಪಟ್ಟು ಕುಗ್ಗಿಸಿದರೆ ಮಾತ್ರ ಮಸುಕು ನಿಜದೃಶ್ಯದಲ್ಲಿದ್ದಂತೆ ಇರುತ್ತದೆ. 15 ಮಿ.ಮೀ. ಲೆನ್ಸನ್ನು ಎಫ್/16ಕ್ಕೆ ಇಟ್ಟರೆ ರಂಧ್ರದ ವ್ಯಾಸ ಒಂದು ಮಿ.ಮೀ.ಗಿಂತ ತುಸು ಕಡಿಮೆ. ಅಳತೆಗೆ ಹಿಗ್ಗಿಸಿದರೆ 33 ಮಿ.ಮೀ. ಇದು 50 ಮಿ.ಮೀ. ಲೆನ್ಸನ್ನು ಎಫ್/1.5ರಲ್ಲಿ ಪೂರ್ತಿ ತೆರೆದಿಟ್ಟದ್ದಕ್ಕೆ ಸಮ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಂಟಾಕ್ಸ್ ಕ್ಯಾಮೆರಾಗಳಿಗೆ ನಿಖರವಾಗಿ ಅಂಥದೇ 50 ಮಿ.ಮೀ. ಎಫ್/1.5 ಸೊನ್ನಾರ್ ಲೆನ್ಸ್ ಸಿಗುತ್ತಿತ್ತು ಎಂಬುದು ಸಂತೋಷದ ಸಂಗತಿ. ಹಾಗಾಗಿ ಎಫ್/16ರಲ್ಲಿ ತೆಗೆದ ಒಂದೇ ಚಿತ್ರ ಮುಸ್ಸಂಜೆಯ ಮಂದ ಬೆಳಕಿನಲ್ಲಿ ಲೆನ್ಸನ್ನು ಪೂರ್ತಿ ತೆರೆದು ತೆಗೆದ ಆ ಕಾಲದ ಚಿತ್ರದಂತೆ ಒಪ್ಪಿತವಾಗುತ್ತದೆ. 100 ಮಿ.ಮೀ. ಮ್ಯಾಕ್ರೊ ಲೆನ್ಸನ್ನು ಅದೇ ಎಫ್/16ಕ್ಕೆ ಇಟ್ಟರೆ ರಂಧ್ರ 6 ಮಿ.ಮೀ.ಗಿಂತ ಹೆಚ್ಚು, ಹಿಗ್ಗಿಸಿದರೆ 22 ಸೆಂ.ಮೀ.; ಯಾವ ಯುದ್ಧ ಛಾಯಾಗ್ರಾಹಕನೂ ಅಂಥ ಲೆನ್ಸನ್ನು ಹೊತ್ತು ತಿರುಗಿಲ್ಲ, ಆದ್ದರಿಂದ ಆ ಮಸುಕನ್ನು ನಮ್ಮ ಕಣ್ಣು ನಂಬುವುದಿಲ್ಲ.

ಆದರೆ ಹಗಲಿನ ಯುದ್ಧದ ಚಿತ್ರಗಳು ಹೀಗಿರುತ್ತಿರಲಿಲ್ಲ. 1945ರ ಫೆಬ್ರುವರಿ 23ರಂದು ಜಪಾನಿನ ಐವೊ ಜಿಮಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಧ್ವಜವೇರಿಸುವ ಚಿತ್ರ ತೆಗೆದ ಜೋ ರೊಸೆಂಥಾಲ್ ತಮ್ಮ ಸ್ಪೀಡ್ ಗ್ರಾಫಿಕ್ ಕ್ಯಾಮೆರಾವನ್ನು ಎಫ್/8 ಮತ್ತು ಎಫ್/11ರ ನಡುವೆ ಇಟ್ಟಿದ್ದರು. ಅಂಥ ಹಗಲಿನ ಸ್ಪಷ್ಟತೆ ಬೇಕಾದರೆ ಈ ಲೆನ್ಸಿನ ಅಪರ್ಚರನ್ನು ಇನ್ನೂ ಹಲವು ಪಟ್ಟು ಕಿರಿದಾಗಿಸಬೇಕು, ಅದಕ್ಕೆ ಭೌತಶಾಸ್ತ್ರ ಬಿಡುವುದಿಲ್ಲ. ಎಫ್/22ರಿಂದ ಮುಂದೆ ಬೆಳಕಿನ ವಿವರ್ತನೆಯಿಂದ (ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದ) ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/32ನ್ನು ನಾನು ಬಳಸುವುದೇ ಇಲ್ಲ. ಉಳಿಯುವ ಹಾದಿ ಫೋಕಸ್ ಸ್ಟ್ಯಾಕಿಂಗ್: ಫೋಕಸನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹತ್ತಾರು ಚಿತ್ರ ತೆಗೆದು, ಹೆಲಿಕಾನ್ ಫೋಕಸ್ ಅಥವಾ ಝೆರೀನ್ ಸ್ಟ್ಯಾಕರ್‌ನಂಥ ತಂತ್ರಾಂಶದಲ್ಲಿ ಒಂದಾಗಿಸುವುದು. ಎಫ್/8ರಲ್ಲಿ ಈ ಲೆನ್ಸ್ ಮಧ್ಯಭಾಗದಲ್ಲಿ ಚೆನ್ನಾಗಿ ಚೂಪಾಗಿದೆ, ಹಾಗಾಗಿ ಸ್ಟ್ಯಾಕಿಂಗಿಗೆ ನಾನು ಅದನ್ನೇ ಆರಿಸುತ್ತೇನೆ.

ಕೀಟಗಳ ಮ್ಯಾಕ್ರೊ ಚಿತ್ರಗಳಿಂದ ಬಂದವರು ಇಲ್ಲಿ ಒಂದು ರೂಢಿಯನ್ನು ಬಿಡಬೇಕು. ಅವರು ಕ್ಯಾಮೆರಾವನ್ನು ಫೋಕಸ್ ರೈಲ್ ಎಂಬ ಜಾರುಪಟ್ಟಿಯ ಮೇಲೆ ಮುಂದಕ್ಕೆ ಸರಿಸುತ್ತಾ ಚಿತ್ರ ತೆಗೆಯುತ್ತಾರೆ. ಇಷ್ಟು ಅಗಲದ ಲೆನ್ಸಿನಲ್ಲಿ ಹಾಗೆ ಸರಿಸಿದರೆ ಪ್ರತಿ ಚಿತ್ರದಲ್ಲೂ ದೃಷ್ಟಿಬಿಂದು ಬದಲಾಗಿ, ಮುಂದಿನ ಸೈನಿಕನ ಹೆಗಲಿನ ಹಿಂದೆ ಅಡಗಿದ್ದ ವಸ್ತುಗಳು ಒಂದೊಂದಾಗಿ ಇಣುಕತೊಡಗುತ್ತವೆ, ತಂತ್ರಾಂಶಕ್ಕೆ ಹೊಂದಿಸಲು ಆಗುವುದಿಲ್ಲ. ಕ್ಯಾಮೆರಾವನ್ನು ಅಲುಗಾಡಿಸದೆ ಫೋಕಸ್ ಉಂಗುರವನ್ನೇ ತಿರುಗಿಸಬೇಕು. ಆಗಲೂ ಬಂದೂಕಿನ ನಳಿಗೆ, ಮುಳ್ಳುತಂತಿ, ಕುದುರೆಯ ಲಗಾಮಿನಂಥ ತೆಳು ವಸ್ತುಗಳ ಸುತ್ತ ಮಸುಕಾದ ಪ್ರಭೆಯೊಂದು ಉಳಿಯುತ್ತದೆ. ಝೆರೀನ್‌ನ ಪಿಮ್ಯಾಕ್ಸ್ ವಿಧಾನ ಇಂಥ ಅಡ್ಡಾದಿಡ್ಡಿ ಎಳೆಗಳನ್ನು ಚೆನ್ನಾಗಿ ಬಿಡಿಸುತ್ತದೆ, ಡಿಮ್ಯಾಪ್ ವಿಧಾನ ಬಣ್ಣ ಮತ್ತು ಮೈಹದವನ್ನು ಹೆಚ್ಚು ನಿಷ್ಠೆಯಿಂದ ಉಳಿಸುತ್ತದೆ. ಎರಡನ್ನೂ ಮಾಡಿಸಿ, ಎಳೆಗಳಿರುವ ಕಡೆ ಮೊದಲನೆಯದನ್ನು ತೇಪೆ ಹಾಕುವುದು ಶ್ರಮದ ಕೆಲಸವಾದರೂ ಫಲ ಕೊಡುತ್ತದೆ. ಒಂದು ಮಾತು: ಎಲ್ಲವನ್ನೂ ಕೊನೆಯ ಮೋಡದವರೆಗೆ ಚೂಪಾಗಿಸುವ ಆಸೆಯನ್ನು ತಡೆದುಕೊಳ್ಳಬೇಕು. ಕೊನೆಯ ಕೆಲವು ಚಿತ್ರಗಳನ್ನು ಸ್ಟ್ಯಾಕಿನಿಂದ ಹೊರಗಿಟ್ಟು ದೂರದ ಬೆಟ್ಟವನ್ನು ತುಸು ಮಸುಕಾಗಿ ಬಿಟ್ಟರೆ ಚಿತ್ರ ಹೆಚ್ಚು ನಿಜವೆನಿಸುತ್ತದೆ.

ಬೆಳಕಿನ ವಿಷಯದಲ್ಲಿ ಲೆನ್ಸ್ ತಾನೇ ತೊಡಕಾಗುತ್ತದೆ. ಮುಂಗಾಜಿನಿಂದ ಐದು ಸೆಂ.ಮೀ. ದೂರದಲ್ಲಿರುವ ಸೈನಿಕನ ಮೇಲೆ ಎದುರಿನಿಂದ ಬೆಳಕು ಹಾಕಿದರೆ ಲೆನ್ಸಿನ ಮೈಯೇ ಅವನ ಮೇಲೆ ನೆರಳು ಬೀಳಿಸುತ್ತದೆ. ಹಾಗಾಗಿ ಮುಖ್ಯ ಬೆಳಕು ಬದಿಯಿಂದ ಅಥವಾ ಹಿಂಬದಿಯಿಂದಲೇ ಬರಬೇಕು, ನೆರಳಿನ ಭಾಗವನ್ನು ಬಿಳಿ ಥರ್ಮಾಕೋಲ್ ತುಂಡಿನಿಂದ ತುಂಬಬೇಕು. ಯುದ್ಧದೃಶ್ಯಕ್ಕೆ ಇದು ಒಳ್ಳೆಯದೇ ಆಯಿತು. ಹಿಂಬದಿಯ ಬೆಳಕಿನಲ್ಲಿ ಹೆಲ್ಮೆಟ್ಟಿನ ಅಂಚು ಹೊಳೆಯುತ್ತದೆ, ಕೆಸರಿನ ಏರುತಗ್ಗು ಎದ್ದು ಕಾಣುತ್ತದೆ, ಸರಿಯಾಗಿ ಬಣ್ಣ ಬಳಿಯಲಾಗದ ಮುಖ ನೆರಳಿನಲ್ಲಿ ಉಳಿಯುತ್ತದೆ. ಬಿಸಿಲಿನ ದೃಶ್ಯಕ್ಕೆ ದೊಡ್ಡ ಸಾಫ್ಟ್‌ಬಾಕ್ಸ್ ಬಳಸುವುದು ತಪ್ಪು. ಆಕಾಶದಲ್ಲಿ ಸೂರ್ಯ ಅರ್ಧ ಡಿಗ್ರಿಯಷ್ಟು ಮಾತ್ರ ಅಗಲ, ಆದ್ದರಿಂದ ಅವನ ನೆರಳುಗಳಿಗೆ ಖಚಿತ ಅಂಚು ಇರುತ್ತದೆ, ಒಂದು ಸೆಂ.ಮೀ. ಅಗಲದ ಎಲ್‌ಇಡಿ ಟಾರ್ಚನ್ನು ಒಂದು ಮೀಟರಿಗಿಂತ ತುಸು ದೂರದಲ್ಲಿ ಇಟ್ಟರೆ ಅದೇ ನೆರಳು ಸಿಗುತ್ತದೆ. ಮೋಡ ಕವಿದ ಇಟಲಿಯ ಚಳಿಗಾಲ ಬೇಕಿದ್ದರೆ ಮೇಲಿನಿಂದ ಬಟರ್ ಪೇಪರ್ ಹರಡಿ ಅದರ ಮೂಲಕ ಬೆಳಕು ಸೋಸಬೇಕು.

ಇವೆಲ್ಲಕ್ಕಿಂತ ಸುಲಭ, ಮತ್ತು ನನಗೆ ಹೆಚ್ಚು ಮೆಚ್ಚಿಕೆಯಾದದ್ದು, ಡಯೊರಾಮಾವನ್ನು ತಾರಸಿಗೆ ಒಯ್ಯುವುದು. ನಿಜವಾದ ಸೂರ್ಯನಿಗೆ ಅಳತೆಯ ಹಂಗಿಲ್ಲ. ಗೊಂಬೆಯ ನೆರಳಿನ ಅಂಚು ಮನುಷ್ಯನ ನೆರಳಿನ ಅಂಚಿನ ಪ್ರಮಾಣದಲ್ಲಿಯೇ ಮೃದುವಾಗುತ್ತದೆ. ಸ್ಪಷ್ಟ ಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಎಫ್/16ರಲ್ಲಿ ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿನ ಶಟರ್ ವೇಗ ಸಾಕೆಂಬ ಹಳೆಯ ಸೂತ್ರ ಇಲ್ಲಿ ನೇರವಾಗಿ ಅನ್ವಯವಾಗುತ್ತದೆ. ಒಳಗೆ ಟಾರ್ಚಿನ ಬೆಳಕಿನಲ್ಲಿ ಸೆಕೆಂಡುಗಟ್ಟಲೆ ಕಾಯಬೇಕಾದ ಚಿತ್ರವನ್ನು ಹೊರಗೆ ಕೈಯಲ್ಲಿ ಹಿಡಿದೇ ತೆಗೆಯಬಹುದು. ಮುಖ್ಯವಾಗಿ ಹಿನ್ನೆಲೆಗೆ ನಿಜವಾದ ಆಕಾಶ ದೊರೆಯುತ್ತದೆ. ಈ ಲೆನ್ಸಿನ ನೋಟ ಅಡ್ಡಕ್ಕೆ ನೂರು ಡಿಗ್ರಿ ಇರುವುದರಿಂದ ಒಳಾಂಗಣದಲ್ಲಿ 60 ಸೆಂ.ಮೀ. ದೂರದ ಹಿನ್ನೆಲೆಯನ್ನು ತುಂಬಲು ಸುಮಾರು 145 ಸೆಂ.ಮೀ. ಅಗಲದ ಆಕಾಶದ ಮುದ್ರಣ ಬೇಕು. ಎ3 ಹಾಳೆ ಸಾಲದು, ಫ್ಲೆಕ್ಸ್ ಹೊಳೆಯುತ್ತದೆ. ತಾರಸಿಯಲ್ಲಿ ತೊಂದರೆಯೆಂದರೆ ಅದೇ ಅಗಲದ ನೋಟದೊಳಕ್ಕೆ ನೀರಿನ ಟ್ಯಾಂಕು, ಕೇಬಲ್ಲು, ಪಕ್ಕದ ಕಟ್ಟಡ ಎಲ್ಲವೂ ನುಗ್ಗುವುದು. ಪ್ಯಾರಾಪೆಟ್ ಗೋಡೆಯ ಮೇಲೆ ಹಲಗೆಯಿಟ್ಟು, ದೃಶ್ಯದ ಹಿಂದಿನ ಅಂಚಿನಲ್ಲಿ ಮಣ್ಣಿನ ದಿಬ್ಬವನ್ನೋ ಮುರಿದ ಗೋಡೆಯನ್ನೋ ಎಬ್ಬಿಸಿದರೆ ಅವು ಮರೆಯಾಗುತ್ತವೆ. ಸೆನಿಯೊ ದೃಶ್ಯದಲ್ಲಿ ಆ ಕೆಲಸವನ್ನು ನದಿಯ ಏರಿಯೇ ಮಾಡಿತು. ಕೆಳಗಿನಿಂದ ನೋಡಿದಾಗ ಏರಿಯ ಮೇಲೆ ನಿಂತ ಸಿಪಾಯಿಯ ಹಿಂದೆ ಮೋಡಗಳ ಹೊರತು ಏನೂ ಉಳಿಯಲಿಲ್ಲ.

ಹೊಗೆಯ ಬಗ್ಗೆ ಸಂಕ್ಷಿಪ್ತವಾಗಿ ಹೇಳುತ್ತೇನೆ. ಹತ್ತಿಯಿಂದ ಮಾಡಿದ ಹೊಗೆ ಮೇಲಿನ ಕೋನದಲ್ಲಿ ನಡೆಯುತ್ತದೆ, ಈ ಲೆನ್ಸಿನ ಮುಂದೆ ಹತ್ತಿಯ ಎಳೆಗಳೆಲ್ಲ ಕಾಣುತ್ತವೆ. ಊದುಬತ್ತಿಯ ಹೊಗೆ ತೆಳುವಾಗಿ ಸುರುಳಿ ಸುತ್ತಿ ಅಳತೆಯನ್ನು ಬಿಟ್ಟುಕೊಡುತ್ತದೆ. ಕೆಂಡದ ಮೇಲೆ ಹಾಕಿದ ಸಾಂಬ್ರಾಣಿಯ ದಟ್ಟ ಹೊಗೆಯನ್ನು ದೃಶ್ಯದ ಹಿಂದಿನಿಂದ ಹರಿಸಿದರೆ ಮಾತ್ರ ಶೆಲ್ ಬಿದ್ದ ಊರಿನ ಮಬ್ಬು ಬರುತ್ತದೆ. ಕದಲುವ ಹೊಗೆಯನ್ನು ಸ್ಟ್ಯಾಕ್ ಮಾಡಲಾಗದು, ಆದ್ದರಿಂದ ಅದನ್ನು ಕೊನೆಯಲ್ಲಿ ಬೇರೆಯಾಗಿ ಒಂದೇ ಚಿತ್ರದಲ್ಲಿ ತೆಗೆದು ಮೇಲೆ ಸೇರಿಸಬೇಕು.

ನನ್ನ ದೃಷ್ಟಿಯಲ್ಲಿ ಈ ಲೆನ್ಸಿನ ಬಗ್ಗೆ ಇರುವ ಗಂಭೀರ ಆಕ್ಷೇಪ ಬೇರೊಂದು. ಎರಡನೆಯ ಮಹಾಯುದ್ಧವನ್ನು ಯಾರೂ 110 ಡಿಗ್ರಿಯ ನೋಟದಲ್ಲಿ ನೋಡಿ ಬೆಳೆದಿಲ್ಲ. 1944ರ ಜೂನ್ 6ರಂದು ಫ್ರಾನ್ಸಿನ ಒಮಾಹಾ ತೀರದಲ್ಲಿ ಇಳಿದ ಯುದ್ಧ ಛಾಯಾಗ್ರಾಹಕ ರಾಬರ್ಟ್ ಕಾಪಾ ಅವರ ಕಾಂಟಾಕ್ಸ್ ಕ್ಯಾಮೆರಾದಲ್ಲಿ ಇದ್ದದ್ದು 50 ಮಿ.ಮೀ. ಲೆನ್ಸ್. ಆ ಯುದ್ಧದ ನಮ್ಮ ನೆನಪಿನ ಚಿತ್ರಗಳೆಲ್ಲ ಬಹುಪಾಲು ಅಂಥ ಸಾಧಾರಣ ಕೋನದವು. ಚೌಕಟ್ಟನ್ನು ಪೂರ್ತಿ ಬಳಸಿ ತೆಗೆದ 15 ಮಿ.ಮೀ. ಚಿತ್ರ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ ಕಣಗಳನ್ನು ಸೇರಿಸಿದರೂ, ಇಂದಿನ ಚಲನಚಿತ್ರದ ದೃಶ್ಯದಂತೆ ಕಾಣುತ್ತದೆ. ಇದಕ್ಕೆ ಉಪಾಯ ಕತ್ತರಿಸುವುದು. ಚಿತ್ರದ ನಡುವಿನ ಅರ್ಧ ಅಗಲ, ಅರ್ಧ ಎತ್ತರವನ್ನು ಮಾತ್ರ ಉಳಿಸಿಕೊಂಡರೆ ನೋಟ 30 ಮಿ.ಮೀ. ಲೆನ್ಸಿನದಾಗುತ್ತದೆ, 24 ಮೆಗಾಪಿಕ್ಸೆಲ್ ಚಿತ್ರದಲ್ಲಿ 6 ಮೆಗಾಪಿಕ್ಸೆಲ್ ಉಳಿಯುತ್ತದೆ, ಪರದೆಯ ಮೇಲೆ ನೋಡಲು ಮತ್ತು ಎ4 ಗಾತ್ರದ ಮುದ್ರಣಕ್ಕೆ ಅದು ಸಾಕು. ದೂರ ಬದಲಾಗದ ಕಾರಣ ಹತ್ತಿರ ನಿಂತ ಅನುಭವಕ್ಕೂ ಧಕ್ಕೆಯಿಲ್ಲ. ಅಂಚುಗಳ ಎಳೆತ, ಮೂಲೆಗಳ ಮೆದುತನ, ಕಪ್ಪಾಗುವಿಕೆ ಎಲ್ಲವೂ ಕತ್ತರಿಸಿದ ಭಾಗದೊಂದಿಗೆ ಹೋಗಿಬಿಡುತ್ತವೆ. ಇದೇ ಕಾರಣಕ್ಕೆ ಈ ಕೆಲಸದಲ್ಲಿ ಎಪಿಎಸ್-ಸಿ ಎಂಬ ಸಣ್ಣ ಸೆನ್ಸರಿನ ಕ್ಯಾಮೆರಾ ಹೊಂದಿರುವವರು ತಮಗೆ ನಷ್ಟವಾಯಿತೆಂದು ಭಾವಿಸಬೇಕಾಗಿಲ್ಲ. ಅವರಿಗೆ ಇನ್ನೊಂದು ಲಾಭವೂ ಇದೆ: ಲೆನ್ಸಿನಲ್ಲಿ 6 ಮಿ.ಮೀ.ನಷ್ಟು ಮೇಲಕ್ಕೂ ಕೆಳಕ್ಕೂ ಜರುಗುವ ಶಿಫ್ಟ್ ವ್ಯವಸ್ಥೆ ಇದ್ದು, ಅದು ಸಣ್ಣ ಸೆನ್ಸರಿನಲ್ಲಿ ಪೂರ್ಣ ಉಪಯೋಗಕ್ಕೆ ಬರುತ್ತದೆ. ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡದೆ ದಿಗಂತವನ್ನು ಕೆಳಗಿಳಿಸಬಹುದು, ಬಾಂಬಿಗೆ ಸಿಕ್ಕ ಬೀದಿಯ ಗೋಡೆಗಳು ಹಿಂದಕ್ಕೆ ವಾಲದೆ ನೆಟ್ಟಗೆ ನಿಲ್ಲುತ್ತವೆ.

ಗೊಂಬೆ ಮಾಡುವವರಿಗೂ ಈ ಲೆನ್ಸ್ ಕಠಿಣ ಪರೀಕ್ಷಕ. ಅರ್ಧ ಮಿ.ಮೀ. ಮರಳಿನ ಕಣ ಇಲ್ಲಿ 17 ಮಿ.ಮೀ. ಜಲ್ಲಿಕಲ್ಲು, ಧೂಳೆಂದು ಚೆಲ್ಲಿದ್ದು ಜಲ್ಲಿಯ ರಾಶಿಯಾಗಿ ಕಾಣುತ್ತದೆ. ಅಚ್ಚಿನ ಗೆರೆ ತೋಳಿನ ಉದ್ದಕ್ಕೂ ಗಾಯದಂತೆ ಎದ್ದು ನಿಲ್ಲುತ್ತದೆ, ಬಂದೂಕಿನ ಪಟ್ಟಿ ಬೆರಳಿನಷ್ಟು ದಪ್ಪವಾಗುತ್ತದೆ, ಅಕ್ರಿಲಿಕ್ ಬಣ್ಣದ ಸಣ್ಣ ಹೊಳಪೂ ಉಣ್ಣೆಯ ಸಮವಸ್ತ್ರವನ್ನು ಪ್ಲಾಸ್ಟಿಕ್ ಮಾಡಿಬಿಡುತ್ತದೆ. ಮ್ಯಾಟ್ ವಾರ್ನಿಶ್ ಬಳಿದ ನಂತರವೇ ಕ್ಯಾಮೆರಾ ಮುಂದೆ ತರುವುದು ಒಳ್ಳೆಯದು. ಕೆಲಸದ ನಡುವೆಯೇ ಆಗಾಗ ಚಿತ್ರ ತೆಗೆದು ನೋಡಿದರೆ, ಕಣ್ಣಿಗೆ ಕಾಣದ ತಪ್ಪುಗಳು ತಿದ್ದಬಹುದಾದ ಹಂತದಲ್ಲಿಯೇ ಸಿಗುತ್ತವೆ.

ಇದೇ ಸಂಸ್ಥೆಯ 24 ಮಿ.ಮೀ. ಎಫ್/14 ಪ್ರೋಬ್ ಲೆನ್ಸ್ ಈ ಕ್ಷೇತ್ರದಲ್ಲಿ ಹೆಚ್ಚು ಹೆಸರು ಮಾಡಿದೆ. ಸುಮಾರು 40 ಸೆಂ.ಮೀ. ಉದ್ದದ ಕೊಳವೆ, ತುದಿಯಲ್ಲಿ ಎರಡು ಸೆಂ.ಮೀ. ಅಗಲ ಮಾತ್ರ, ಜೊತೆಗೆ ತುದಿಯಲ್ಲೇ ಎಲ್‌ಇಡಿ ದೀಪಗಳು. ಅದರ ಮಧ್ಯರೇಖೆ ನೆಲದಿಂದ ಒಂದು ಸೆಂ.ಮೀ. ಎತ್ತರಕ್ಕೆ ಇಳಿಯುತ್ತದೆ; 1:35ರಲ್ಲಿ ಅದು ಹೊಟ್ಟೆಯ ಮೇಲೆ ತೆವಳುವವನ ಕಣ್ಣು, 1:72ರಲ್ಲಿ ನೆಲದ ಮೇಲೆ ಕುಳಿತವನ ಕಣ್ಣು. ಮನೆಯ ಕಿಟಕಿಯೊಳಗೆ ತೂರಿ, ಕಂದಕದ ಉದ್ದಕ್ಕೂ ಸಾಗಿ ವಿಡಿಯೊ ಮಾಡುವವರಿಗೆ ಅದಕ್ಕೆ ಸಮನಾದದ್ದಿಲ್ಲ, ನನ್ನ ಹೈಫಾ ದೃಶ್ಯಕ್ಕೂ ಅದೇ ತಕ್ಕದ್ದು. ಆದರೆ ಬೆಲೆ 15 ಮಿ.ಮೀ. ಲೆನ್ಸಿನ ಸುಮಾರು ಮೂರು ಪಟ್ಟು, ಎಫ್/14ಕ್ಕಿಂತ ಹೆಚ್ಚು ತೆರೆಯುವುದಿಲ್ಲವಾದ್ದರಿಂದ ವ್ಯೂಫೈಂಡರ್ ಸದಾ ಕತ್ತಲು. 1:35ರಲ್ಲಿ ಸ್ಥಿರಚಿತ್ರ ತೆಗೆಯುವವರಿಗೆ ಅಷ್ಟು ವೆಚ್ಚ ಅನಗತ್ಯ.

ಕೈಯಲ್ಲಿರುವ ಫೋನನ್ನು ಮರೆಯುವುದು ನ್ಯಾಯವಲ್ಲ. ಫೋನಿನ ಅಲ್ಟ್ರಾವೈಡ್ ಕ್ಯಾಮೆರಾದ ರಂಧ್ರವೂ ಸುಮಾರು ಒಂದು ಮಿ.ಮೀ. ಮಾತ್ರ, ಅಂದರೆ ಫೋಕಸಿನ ಆಳದಲ್ಲಿ ಅದು ಎಫ್/16ಕ್ಕೆ ಇಟ್ಟ ಈ ಲೆನ್ಸಿಗೆ ಸರಿಸಮ. ಫೋನನ್ನು ತಲೆಕೆಳಗಾಗಿ ಹಿಡಿದರೆ ಅದರ ಕಣ್ಣು ನೆಲದಿಂದ ಒಂದೆರಡು ಸೆಂ.ಮೀ. ಮೇಲಿರುತ್ತದೆ. ಎರಡು ಮೂರು ಸೆಂ.ಮೀ. ಹತ್ತಿರಕ್ಕೂ ಫೋಕಸ್ ಆಗುವ ಅಲ್ಟ್ರಾವೈಡ್ ಇರುವ ಫೋನು ನಿಮ್ಮಲ್ಲಿದ್ದರೆ, ಮೊದಲು ಬಿಸಿಲಿನಲ್ಲಿ ಅದರಿಂದಲೇ ಪ್ರಯತ್ನಿಸಿ ಎನ್ನುತ್ತೇನೆ. ಕಡಿಮೆ ಬೆಳಕಿನಲ್ಲಿ ಕಣಕಣವಾಗುವ ಬಣ್ಣ, ಅಂಚುಗಳನ್ನು ಅತಿಯಾಗಿ ಚೂಪಾಗಿಸುವ ತಂತ್ರಾಂಶ, ಸಣ್ಣ ಮುದ್ರಣದಲ್ಲೂ ಕರಗಿಹೋಗುವ ಮುಖದ ವಿವರ, ಇವು ತೊಡಕೆನಿಸಿದಾಗ ಮಾತ್ರ ಲೆನ್ಸಿಗೆ ಹಣ ಹಾಕಬೇಕು.

ಒಂದು ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಸರಿಯಾಗದು. ಈ ಲೆನ್ಸಿನಿಂದ ಚೆನ್ನಾಗಿ ತೆಗೆದು ಕಪ್ಪುಬಿಳುಪು ಮಾಡಿದ ಚಿತ್ರ, ಸಣ್ಣ ಪರದೆಯಲ್ಲಿ ನೋಡುವವರಿಗೆ ನಿಜವಾದ ದಾಖಲೆಯೆಂದೇ ತೋರಬಹುದು. ನಾಮದೇವ ಜಾಧವರಾಗಲಿ ಮೈಸೂರಿನ ಕುದುರೆ ಸವಾರರಾಗಲಿ ನಿಜವಾಗಿ ಬದುಕಿದ್ದವರು, ಅವರ ಮನೆಯವರ ವಂಶ ಇಂದಿಗೂ ಇರಬಹುದು. ಹಾಗಾಗಿ ಚಿತ್ರದ ಮೇಲೆಯೇ, ಅಡಿಬರಹದಲ್ಲಿ ಮಾತ್ರವಲ್ಲ, ಇದು ಮಾದರಿ ಎಂದು ನಮೂದಿಸುವುದನ್ನು ನಾನು ಕಡ್ಡಾಯ ಮಾಡಿಕೊಂಡಿದ್ದೇನೆ.

ಕೊಳ್ಳುವವರು ಹೆಸರನ್ನು ಪೂರ್ತಿ ಓದಿಕೊಳ್ಳಬೇಕು. ಲಾವೊವಾದಲ್ಲಿ 15 ಮಿ.ಮೀ.ನ ಬೇರೆ ಲೆನ್ಸುಗಳೂ ಇವೆ. ಎಫ್/2 ಝೀರೊ-ಡಿ ಮತ್ತು ಎಫ್/4.5 ಶಿಫ್ಟ್ ಎರಡೂ ತಮ್ಮ ಕೆಲಸಕ್ಕೆ ಉತ್ತಮ, ಆದರೆ ಯಾವುದೂ 1:1 ಮ್ಯಾಕ್ರೊ ಅಲ್ಲ. ಇದು ಕ್ಯಾನನ್, ನಿಕಾನ್, ಪೆಂಟ್ಯಾಕ್ಸ್, ಸೋನಿ ಮೌಂಟುಗಳಲ್ಲಿ (ಲೆನ್ಸನ್ನು ಕ್ಯಾಮೆರಾಕ್ಕೆ ಜೋಡಿಸುವ ಹಿಡಿಗಳಲ್ಲಿ) ಬಂದಿದೆ. ವಿದ್ಯುತ್ ಸಂಪರ್ಕವಿಲ್ಲದ ಕಾರಣ ಡಿಎಸ್‌ಎಲ್‌ಆರ್ ಮೌಂಟಿನದನ್ನು ಅಗ್ಗದ ಸಾದಾ ಅಡಾಪ್ಟರಿನಿಂದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹಾಕಬಹುದು, ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಇದರಿಂದ ಆಯ್ಕೆ ಹೆಚ್ಚುತ್ತದೆ. ಹಳೆಯದನ್ನು ಕೊಳ್ಳುವಾಗ ಮುಂಗಾಜಿನಲ್ಲಿ ಗೀರುಗಳಿವೆಯೇ ಎಂದು ಟಾರ್ಚ್ ಹಾಯಿಸಿ ನೋಡಿ. ವಸ್ತುವಿಗೆ ಇಷ್ಟು ಹತ್ತಿರ ಹೋಗುವ ಲೆನ್ಸಿನಲ್ಲಿ ಗೀರುಗಳು ಬೀಳುವುದು ಸಹಜ, ಹಿಂಬದಿಯ ಬೆಳಕಿನಲ್ಲಿ ಅವು ಚಿತ್ರದ ಮೇಲೆ ಮಬ್ಬಾಗಿ ಹರಡುತ್ತವೆ. ಹೊಸದಾದರೆ ಮೊದಲ ದಿನವೇ ತೆಳು ಚೌಕಟ್ಟಿನ 77 ಮಿ.ಮೀ. ಯುವಿ ಫಿಲ್ಟರ್ ಹಾಕಿಸಿಕೊಳ್ಳಿ, ಏಕೆಂದರೆ ತಂತಿಯ ಭರ್ಜಿಗಳೂ ಬಯೊನೆಟ್ಟುಗಳೂ ಮೊದಲು ತಾಗುವುದು ಮುಂಗಾಜಿಗೇ.